ಅಕ್ಕ ಕಲಸಿದ ಹಾಲು

ಎರಡು ಸಾವಿರದ ಹನ್ನೊಂದನೆಯ ಇಸವಿ, ಹೋಳಿ ಹುಣ್ಣಿಮೆ ಕಳೆದ ನಾಲ್ಕನೆಯ ದಿನ, ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ನಾನು ಅಥಣಿಯಿಂದ ಕಾಗವಾಡಕ್ಕೆ ಹೋಗುವ ರಸ್ತೆಯ ಪಕ್ಕದ ಒಂದು ದ್ರಾಕ್ಷಿ ಒಣಗಿಸುವ ಶೆಡ್ಡಿನ ಮೂಡಣ ಬಾಯಲ್ಲಿ ನಿಂತಿದ್ದೆ. ಸಿಮೆಂಟಿನ ತೊಟ್ಟಿ ನನ್ನ ಮುಂದೆ ಎರಡು ಮೊಳ ದೂರದಲ್ಲಿತ್ತು. ಪಂಪು ನನ್ನ ಬಲಕ್ಕಿತ್ತು. ಅದರ ಸ್ಟಾರ್ಟರನ್ನು ಕಂಬಕ್ಕೆ ಬಡಿದಿದ್ದೆವು. ಹಸಿರು ಗುಂಡಿ ಒತ್ತಿದವನು ನಾನೇ. ಬಿಸಿಲು ನನ್ನ ಬೆನ್ನಿಗಿತ್ತು, ಆದ್ದರಿಂದ ತೊಟ್ಟಿಯೊಳಗಿನದು ಸ್ಪಷ್ಟವಾಗಿ ಕಾಣುತ್ತಿತ್ತು. ಹನ್ನೊಂದೂವರೆಯ ತನಕ ನಾನು ಆ ಜಾಗ ಬಿಟ್ಟು ಕದಲಲಿಲ್ಲ.

ಇಷ್ಟು ಅಳೆದು ಬರೆಯಲು ಕಾರಣವಿದೆ. ಆ ಶೆಡ್ಡಿನಲ್ಲಿ ದ್ರಾಕ್ಷಿ ಅದ್ದುವ ಕೆಲಸ ಮಾಡುತ್ತಿದ್ದ, ನಾನು ಅಕ್ಕ ಎಂದು ಕರೆಯುತ್ತಿದ್ದ ಹೆಂಗಸು ಕಳೆದ ತಿಂಗಳು ತೀರಿಕೊಂಡರು. ಅವರದು ಬೌದ್ಧ ಕುಟುಂಬ. ಐದನೆಯ ದಿನ ಅವರ ಓಣಿಯ ವಿಹಾರದ ಅಂಗಳದಲ್ಲಿ, ತೀರಿಹೋದವರನ್ನು ನೆನೆಯುವ ಜಲದಾನವಿತ್ತು. ಬಿಳಿ ಬಟ್ಟೆ ಉಟ್ಟವರು ಚಾಪೆಯ ಮೇಲೆ ಕೂತಿದ್ದರು. ಪರಿಚಯದವರು ಒಬ್ಬೊಬ್ಬರೇ ಎದ್ದು ಹೋದವರ ಬಗ್ಗೆ ನಾಲ್ಕು ಮಾತು ಆಡುತ್ತಿದ್ದರು. ಶೆಡ್ಡಿನಲ್ಲಿ ಆಳುಗಳ ಮೇಲೆ ಮುಕಾದಮರಾಗಿದ್ದ ಅಣ್ಣಾಸಾಬರೂ ಎದ್ದರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು.

"ಬಾಯಿ ಭಾಳ ಕಷ್ಟದ ಜೀವ. ಕೆಲಸಕ್ಕ ಎಂದೂ ಹಿಂದ ಸರದಾಕಿ ಅಲ್ಲ. ಒಂದ ಸಲ ಡಿಪ್ಪಿನ್ಯಾಗ ಎಣ್ಣಿದ ಒಂದ ಚೂಕ ಆತು. ಆಗಲಿ, ಮನಶ್ಯಾರ ಕೈ ಐತಿ. ಮಾಲಕರು ಮನಸ ದೊಡ್ಡದ ಮಾಡಿ ಮಾಫ ಮಾಡಿದ್ರು. ಆಮ್ಯಾಲೂ ಚೊಲೊ ದುಡದ್ಲು."

ಕೂತವರು ತಲೆಯಾಡಿಸಿದರು. ಅಣ್ಣಾಸಾಬರ ದನಿಯಲ್ಲಿ ಕೆಡುಕು ಇರಲಿಲ್ಲ. ಹೊಗಳುವುದಕ್ಕೆಂದೇ ಎದ್ದವರು ಅವರು. ನಾನು ಎದ್ದು ತಡೆಯಬೇಕಾಗಿತ್ತು. ಸಾವಿನ ಮನೆಯಲ್ಲಿ ವಾದ ಬೇಡ ಎಂದುಕೊಂಡು ಕೂತೆ. ಮನೆಗೆ ಬಂದು ನೀರಿನ ಲೋಟ ಎತ್ತಿಕೊಂಡೆ. ಅಕ್ಕನ ಬಗ್ಗೆ ಊರಿನಲ್ಲಿ ಉಳಿಯುವ ಮಾತು ಇದೇ ಆಗಿಬಿಡುತ್ತದೆ ಎಂದು ಹೊಳೆದದ್ದು ಆಗ. ಅವರಿಂದ ಯಾವ ಚೂಕವೂ, ಯಾವ ತಪ್ಪೂ ಆಗಿರಲಿಲ್ಲ. ಅವರಿಗೆ ಯಾರೂ ಮಾಫಿ ಕೊಡಬೇಕಾಗಿರಲಿಲ್ಲ. ನಾನು ನೋಡಿದ್ದನ್ನು ನೋಡಿದ ಹಾಗೆ ಬರೆದಿಡುತ್ತೇನೆ.

ಅಕ್ಕನ ಹೆಸರು ಬರೆಯುವುದಿಲ್ಲ. ಅವರ ಮಗಳು ಬೇಡ ಎಂದಳು. "ಹೆಸರ ಬರದ್ರ ಮಂದಿ ಆ ಹೆಸರಿನ ಜೋಡಿ ಕಳವಿನ ಮಾತೂ ನೆನಪ ಇಡತಾರ್ರಿ ಕಾಕಾ. ಆದದ್ದ ಬರೀರಿ, ಸಾಕು."

ಹಸಿ ದ್ರಾಕ್ಷಿ ಒಣದ್ರಾಕ್ಷಿಯಾಗುವುದು ಬರೀ ಗಾಳಿ ಬಿಸಿಲಿನಿಂದಲ್ಲ. ಕಾಯಿಯ ಸಿಪ್ಪೆಯ ಮೇಲೆ ತೆಳುವಾದ ಮೇಣವಿರುತ್ತದೆ, ಅದು ಒಳಗಿನ ನೀರನ್ನು ಹೊರಗೆ ಬಿಡುವುದಿಲ್ಲ. ಅದಕ್ಕಾಗಿ ಗೊನೆಗಳನ್ನು ಮೊದಲು ಒಂದು ದ್ರಾವಣದಲ್ಲಿ ಎರಡು ಮೂರು ನಿಮಿಷ ಅದ್ದುತ್ತಾರೆ. ನೀರಿನಲ್ಲಿ ಕಾರ್ಬೋನೇಟ್ ಪುಡಿ ಕರಗಿಸಿ, ಡಿಪ್ಪಿಂಗ್ ಆಯಿಲ್ ಎನ್ನುವ ಎಣ್ಣೆ ಸೇರಿಸಿ ಕಲಸಿದರೆ ಆ ದ್ರಾವಣ ಬೆಳ್ಳಗಾಗುತ್ತದೆ. ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ನೀರಿನ ತುಂಬ ನಿಂತಿರುತ್ತದೆ. ಶೆಡ್ಡುಗಳಲ್ಲಿ ಅದಕ್ಕೆ ಹಾಲು ಎಂದೇ ಹೇಳುತ್ತಾರೆ. ಹಾಲು ಚೆನ್ನಾಗಿದ್ದರೆ ಪ್ರತಿ ಕಾಯಿಗೂ ಎಣ್ಣೆ ಸಮನಾಗಿ ಹತ್ತುತ್ತದೆ, ಬಲೆಯ ಮೇಲೆ ಹರಡಿದ ಎರಡು ವಾರಕ್ಕೆಲ್ಲ ಹಸಿರುಹಳದಿ ಬಣ್ಣಕ್ಕೆ ಒಣಗುತ್ತದೆ. ಹಾಲು ಒಡೆದು ಎಣ್ಣೆ ಮೇಲೆ ತೇಲಿದರೆ ಮೊದಲ ಕ್ರೇಟುಗಳ ಕಾಯಿ ಎಣ್ಣೆ ಮೆತ್ತಿಕೊಂಡು ಕಪ್ಪಾಗುತ್ತವೆ. ಆಮೇಲೆ ಅದ್ದಿದವಕ್ಕೆ ಎಣ್ಣೆಯೇ ಸಿಗುವುದಿಲ್ಲ. ಅವು ಒಣಗದೆ ಬಲೆಯ ಮೇಲೇ ಕೊಳೆಯುತ್ತವೆ.

ಈ ಹಾಲು ಕಲಸುವುದು ಅಕ್ಕನ ಕೆಲಸ. ಹುಟ್ಟಿದ್ದು ಚಿಕ್ಕೋಡಿ ಹತ್ತಿರದ ಕರೋಶಿಯಲ್ಲಿ, ಮದುವೆಯಾಗಿ ಬಂದದ್ದು ಅಥಣಿಯ ಕಡೆಗೆ. ಓಣಿಯ ಹನ್ನೆರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಶಿವರಾತ್ರಿಯ ಹೊತ್ತಿಗೆ ಶೆಡ್ಡಿಗೆ ಬರುತ್ತಿದ್ದರು. ಅಕ್ಕನನ್ನು ಬಿಟ್ಟರೆ ಆ ಹನ್ನೆರಡು ಜನಕ್ಕೂ ಆ ಹಂಗಾಮಿನ ಕೆಲಸವಿಲ್ಲ. ಆ ಟೋಳಿ, ಎಂದರೆ ಕೆಲಸದ ಗುಂಪು, ಅವರ ಹೆಸರಿನ ಮೇಲೆ ನಡೆಯುತ್ತಿತ್ತು. ಅವರು ಎಣ್ಣೆಯನ್ನು ನೇರವಾಗಿ ತೊಟ್ಟಿಗೆ ಸುರಿಯುತ್ತಿರಲಿಲ್ಲ. ತಗಡಿನ ಬುಟ್ಟಿಯೊಂದರಲ್ಲಿ ಸ್ವಲ್ಪ ಕಾರ್ಬೋನೇಟ್ ನೀರು ತೆಗೆದುಕೊಂಡು, ಎಣ್ಣೆಯನ್ನು ದಾರದ ಹಾಗೆ ಬಿಡುತ್ತ, ಬರಿಗೈಯಿಂದ ಒಂದೇ ದಿಕ್ಕಿಗೆ ತಿರುವುತ್ತಿದ್ದರು. ಅದು ಗಟ್ಟಿ ಕೆನೆಯಾದ ಮೇಲೆ ತೊಟ್ಟಿಗೆ ಬಿಟ್ಟು, ಬಿದಿರಿನ ಹುಟ್ಟಿನಿಂದ ತಳದಿಂದ ಮೇಲಕ್ಕೆ ಎತ್ತೆತ್ತಿ ಕಲಸುತ್ತಿದ್ದರು. ಕಾರ್ಬೋನೇಟಿನಿಂದ ಅವರ ಬೆರಳ ತುದಿಯ ಚರ್ಮ ಸುಲಿದು ನುಣುಪಾಗಿತ್ತು. ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಿದರೆ ಯಂತ್ರ ಹಿಡಿಯುತ್ತಿರಲಿಲ್ಲ. "ನಾ ಇದ್ದೀನೋ ಇಲ್ಲೋ ಸರಕಾರಕ್ಕ ಅನುಮಾನ ಬಂದೈತಿ" ಎಂದು ನಗುತ್ತಿದ್ದರು.

ಸೊಂಟದಲ್ಲಿ ಮಗಳ ಹಳೆಯ ಪಾಟಿಯ, ಎಂದರೆ ಶಾಲೆಯ ಸ್ಲೇಟಿನ, ಒಂದು ಒಡೆದ ಚೂರು ಇರುತ್ತಿತ್ತು. ಹಾಲಿನಲ್ಲಿ ಬೆರಳದ್ದಿ ಆ ಕರಿಯ ಪಾಟಿಯ ಮೇಲೆ ಒಂದು ಹನಿ ಬಿಟ್ಟು ಓರೆ ಮಾಡುವರು. ಹನಿ ಒಂದೇ ಬಿಳಿ ಎಳೆಯಾಗಿ ಇಳಿದರೆ ಹಾಲು ಸರಿ. ಇಳಿದ ದಾರಿಯಲ್ಲಿ ಹೊಳೆಯುವ ಚುಕ್ಕೆಗಳು ಉಳಿದರೆ ಎಣ್ಣೆ ಬಿಡುತ್ತಿದೆ ಎಂದರ್ಥ. ಚುಕ್ಕೆಗಳಿಗೆ ಅವರು ಕಣ್ಣು ಎನ್ನುತ್ತಿದ್ದರು. "ಕಣ್ಣ ಬಿಟ್ಟಿತು, ನಿಲ್ಲಸ್ರಿ" ಎಂದರೆ ಕ್ರೇಟು ಹೊತ್ತವರು ಅಲ್ಲೇ ನಿಲ್ಲಬೇಕು.

ನಾನು ಅಥಣಿಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟವನು. ಅಕ್ಕನ ಪರಿಚಯವಾದದ್ದು ಶೆಡ್ಡಿನಲ್ಲಲ್ಲ, ಚಿಕ್ಕೋಡಿಯಿಂದ ಅಥಣಿಗೆ ಬರುವ ಬಸ್ಸಿನಲ್ಲಿ. ತವರಿನಿಂದ ಹಾಲಿನ ಕ್ಯಾನು ತರುತ್ತಿದ್ದರು. ರಾಯಬಾಗ ದಾಟಿದ ಮೇಲೆ ರಸ್ತೆ ತೀರ ಕೆಟ್ಟಿತ್ತು. ಎಲ್ಲರೂ ಸಾಮಾನು ಕಾಲ ಬಳಿ ಇಟ್ಟಿದ್ದರೆ ಇವರು ಕ್ಯಾನನ್ನು ಕಂಠದ ತನಕ ತುಂಬಿ, ತೊಡೆಯ ಮೇಲೆ ಇಟ್ಟು, ಎರಡೂ ತೋಳಿನಿಂದ ತಬ್ಬಿಕೊಂಡು ಕೂತಿದ್ದರು. ಕಂಡಕ್ಟರ್ ರೇಗಿಸಿದ: "ಏನ ಬೇ, ಕೂಸ ಐತೇನ ಒಳಗ? ಅರ್ಧಾ ಟಿಕೀಟ ತಗೀಲೇನು?"

"ಕೂಸ ಅಲ್ಲೋ ಯಪ್ಪಾ, ಹಾಲು. ಕೆಳಗ ಇಟ್ರ ನಿನ್ನ ಬಸ್ಸು ಕಡದು ಬೆಣ್ಣಿ ತಗೀತೈತಿ. ಬೆಣ್ಣಿ ಬೇಕಿದ್ರ ನಾನ ಮನ್ಯಾಗ ಕಡೀತಿದ್ನೆಲ್ಲ."

ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ಹೊಯ್ದಾಡುತ್ತದೆ, ಕಂಠದ ತನಕ ಇದ್ದರೆ ಹೊಯ್ದಾಡಲು ಜಾಗವಿರುವುದಿಲ್ಲ ಎಂದು ಪಕ್ಕದಲ್ಲಿದ್ದ ನನಗೂ ವಿವರಿಸಿದರು. ನಾನು ಮೋಟಾರಿನವನು ಎಂದು ತಿಳಿದ ಕೂಡಲೆ ಮಾತು ಬದಲಿಸಿದರು. "ತಮ್ಮಾ, ತೊಟ್ಟಿ ಕಲಸಾಕ ಒಂದ ಮಶೀನ ಬರತೈತೇನೋ? ನನ್ನ ಬಲಗಡಿ ರಟ್ಟಿ ಮುಗದೈತಿ. ಮಾಲಕರಿಗೆ ಹೇಳಿ ಹೇಳಿ ಸಾಕಾತು."

ಇದನ್ನು ಬರೆಯಲೇಬೇಕು. ಯಂತ್ರ ಬರಲಿ ಎಂದು ಮೊದಲು ಕೇಳಿದವರು ಅವರೇ. ಯಂತ್ರದ ಮೇಲಿನ ಹೊಟ್ಟೆಕಿಚ್ಚಿಗೆ ಎಣ್ಣೆ ಕಡಿಮೆ ಹಾಕಿದಳು ಎಂದು ಆಮೇಲೆ ಕೆಲವರು ಆಡಿದ್ದುಂಟು.

ಎರಡು ವರ್ಷದ ಮೇಲೆ ಮಾಲಕರು ಒಪ್ಪಿದರು. ಕೆಲಸ ನನಗೇ ಬಂತು. ತೊಟ್ಟಿಯ ತಳದಿಂದ ಹಾಲನ್ನು ಎಳೆದು ಮತ್ತೆ ಮೇಲಿನಿಂದ ತೊಟ್ಟಿಗೇ ಬಿಡುವ ಒಂದು ಪಂಪು ಕೂರಿಸಿದರೆ ಕಲಸುವ ಕೆಲಸವೇ ಇರುವುದಿಲ್ಲ ಎಂದು ನಾನೇ ಹೇಳಿದೆ. ಅರ್ಧ ಎಚ್.ಪಿ. ಪಂಪು ಸಾಕಾಗಿತ್ತು. ಅಂಗಡಿಯಲ್ಲಿ ಆಗ ಇದ್ದದ್ದು ಎರಡು ಎಚ್.ಪಿ.ಯದು, ಜೋರಿದ್ದಷ್ಟು ಚೆನ್ನಾಗಿ ಕಲಸುತ್ತದೆ ಎಂದು ಅದನ್ನೇ ಕೂರಿಸಿದೆ. ಇನ್ನೂ ಜೋರಾಗಿ ಚಿಮ್ಮಲಿ ಎಂದು ಹೊರಬಾಯಿಗೆ ಸಣ್ಣ ನಳಿಗೆ ಹಾಕಿದೆ. ಹಸಿರು ಗುಂಡಿ ಒತ್ತಿದಾಗ ಹಾಲು ಬಾಣದ ಹಾಗೆ ಬಂದು ತೊಟ್ಟಿಗೆ ಹೊಡೆಯಿತು. ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರು. ಅಕ್ಕ ಸೆರಗಿನಿಂದ ಭುಜ ಒತ್ತಿಕೊಂಡು, "ಈ ರಟ್ಟೀಗೂ ಪೆನ್ಶನ್ ಆತು" ಎಂದರು. ನಾನು ಅರ್ಧ ಗಂಟೆ ನೋಡಿದೆ. ಹಾಲು ಎಂದಿಗಿಂತ ಬೆಳ್ಳಗಿತ್ತು. ಚಹಾ ಕುಡಿದು ಹೊರಟೆ.

ಆ ದಿನ ಆಮೇಲೆ ನಡೆದದ್ದನ್ನು ನಾನು ನೋಡಿಲ್ಲ. ಟೋಳಿಯ ಶೋಭಾ ಹೇಳಿದ್ದು ಇದು. ಹನ್ನೊಂದರ ಸುಮಾರಿಗೆ ಅಕ್ಕ ಪಾಟಿಯ ಮೇಲೆ ಹನಿ ಬಿಟ್ಟರು, ಕಣ್ಣು ಕಂಡವು. ನಿಲ್ಲಿಸಿ ಎಂದರು. ಹೊರಗೆ ಮೂರು ಟ್ರ್ಯಾಕ್ಟರ್ ದ್ರಾಕ್ಷಿ ಬಂದು ಬಿಸಿಲಿನಲ್ಲಿ ನಿಂತಿತ್ತು. ಅಣ್ಣಾಸಾಬರು, "ಮಶೀನ ಕಲಸಾಕತ್ತೈತಿ, ನೀ ಯಾಕ ನಡಬರಕ ಬಾಯಿ ಹಾಕ್ತಿ? ಅದ್ದ, ಅದ್ದ" ಎಂದರು. ಅದ್ದಿದರು.

ನಾಲ್ಕನೆಯ ದಿನಕ್ಕೆ ಒಂದು ಸಾಲಿನ ಬಲೆಗಳ ಕಾಯಿ ಕಪ್ಪಾಯಿತು. ಆರನೆಯ ದಿನಕ್ಕೆ ಇನ್ನೊಂದು ಸಾಲಿನಲ್ಲಿ ಹುಳಿ ವಾಸನೆ ಹೊರಟಿತು. ಮಾಲಕರು ಟಿನ್ನುಗಳನ್ನು ನೋಡಿದರು, ಎಣ್ಣೆ ಖಾಲಿಯಾಗಿತ್ತು. ಖಾಲಿಯಾದ ಎಣ್ಣೆ ಕಾಯಿಗೆ ಹತ್ತಿಲ್ಲ ಎಂದರೆ ಎಲ್ಲಿ ಹೋಯಿತು? ಈ ಪ್ರಶ್ನೆ ಯಾರು ಮೊದಲು ಕೇಳಿದರೋ ಗೊತ್ತಿಲ್ಲ. ಸಂಜೆಯೊಳಗೆ ಅದು ಪ್ರಶ್ನೆಯಾಗಿ ಉಳಿಯಲಿಲ್ಲ. ಅಕ್ಕ ಎಣ್ಣೆ ಕದ್ದು ಬೇರೆ ಶೆಡ್ಡಿಗೆ ಕೊಟ್ಟಿದ್ದಾಳೆ ಎಂಬ ಮಾತು ಅಥಣಿಯ ಬಸ್ ಸ್ಟ್ಯಾಂಡಿನ ತನಕ ಬಂತು. ಇಡೀ ಟೋಳಿಗೆ ನಾಳೆಯಿಂದ ಬರಬೇಡಿ ಎಂದು ಹೇಳಿ ಕಳಿಸಿದರು.

ನನ್ನ ಕಿವಿಗೂ ಬಿತ್ತು. ಬಿದ್ದ ಕೂಡಲೆ ನನಗೆ ಪಂಪಿನ ಮೇಲೆ ಅನುಮಾನ ಬಂತು. ಎರಡು ದಿನ ನಾನು ಬಾಯಿ ಬಿಡಲಿಲ್ಲ. ಪಂಪಿನ ತಪ್ಪು ಎಂದರೆ ನನ್ನ ತಪ್ಪು. ಆ ಹಂಗಾಮಿನಲ್ಲಿ ಇನ್ನೂ ನಾಲ್ಕು ಶೆಡ್ಡಿನವರು ಅಂಥದೇ ಪಂಪು ಕೇಳಿದ್ದರು.

ಮೂರನೆಯ ದಿನ ಬೆಳಿಗ್ಗೆ ಅಂಗಡಿಯ ಮೆಟ್ಟಿಲ ಮೇಲೆ ಅಕ್ಕ ನಿಂತಿದ್ದರು. ಒಳಗೆ ಕರೆದರೂ ಬರಲಿಲ್ಲ.

"ತಮ್ಮಾ, ನಾ ಕದ್ದಿಲ್ಲ."

"ಗೊತ್ತೈತ್ರಿ ಅಕ್ಕಾರ."

"ನಿನಗ ಗೊತ್ತಿದ್ರ ಏನ ಬಂತು? ನಾಳೆ ಮಾಲಕರ ಮುಂದ ನಾ ಎರಡ ಹಾಲ ಕಲಸ್ತೀನಿ. ಒಂದ ಡ್ರಮ್ಮಿನ್ಯಾಗ ನನ್ನ ಕೈದು. ಒಂದ ತೊಟ್ಟಿಯೊಳಗ ನಿನ್ನ ಪಂಪಿಂದು. ಎಣ್ಣಿ, ಪುಡಿ, ನೀರು ಎಲ್ಲಾ ಆ ಮುಕಾದಮನ ಕೈಲೆನ ಅಳಸ್ತೀನಿ. ನೀ ಬಂದು ಗುಂಡಿ ಹಿಡಕೊಂಡ ನಿಂದ್ರಬೇಕು."

ನಾನು ಕೈಯಲ್ಲಿದ್ದ ಪಾನಾವನ್ನು ಬಟ್ಟೆಯಿಂದ ಒರೆಸತೊಡಗಿದೆ. ನನ್ನ ಮುಖ ನೋಡಿ ಅವರಿಗೆ ನನ್ನ ಅಳುಕು ತಿಳಿಯಿತು.

"ನನ್ನ ಕಡೆ ಮಾತಾಡು ಅಂತ ಹೇಳಾಕ ಬಂದಿಲ್ಲ. ಕಂಡದ್ದ ಹೇಳು. ಕಾಣದ್ದು ನನ್ನ ಸಲುವಾಗಿನೂ ಹೇಳಬ್ಯಾಡ."

ಮಾಲಕರು ಒಪ್ಪಿದ್ದು ಹೇಗೆ ಎಂದು ಆಮೇಲೆ ತಿಳಿಯಿತು. ಅಕ್ಕ ಹಿಂದಿನ ಸಂಜೆ ಅವರ ಮನೆಯ ಗೇಟಿನ ಹೊರಗೆ ಕೂತಿದ್ದರಂತೆ. ಹೋಗು ಎಂದರೆ ಹೋಗಲಿಲ್ಲ, ಅಳಲೂ ಇಲ್ಲ. "ಪೋಲೀಸರನ್ನ ಕರೀರಿ, ಇಲ್ಲಂದ್ರ ಎರಡ ತಾಸ ಟೈಮ ಕೊಡ್ರಿ" ಎಂದು ಅದೊಂದೇ ಮಾತು ಮತ್ತೆ ಮತ್ತೆ ಹೇಳಿದರಂತೆ. ಮಾಲಕರು ಕೆಟ್ಟವರಲ್ಲ. ಎರಡು ತಾಸು ಕೊಟ್ಟರು.

ಇನ್ನು ಆ ಬೆಳಗಿನದು.

ಎಣ್ಣೆಯ ಹೊಸ ಟಿನ್ನು ಅಣ್ಣಾಸಾಬರೇ ಒಡೆದರು. ಅಳತೆಯ ಮಗ್ಗು ಹಿಡಿದವರೂ ಅವರೇ. ಅಕ್ಕ ಎರಡು ಬುಟ್ಟಿಗಳಲ್ಲಿ ಎರಡು ಸಲ ಒಂದೇ ರೀತಿ ಕೆನೆ ಕಟ್ಟಿದರು. ಒಂದನ್ನು ಡ್ರಮ್ಮಿನ ನೀರಿಗೆ, ಇನ್ನೊಂದನ್ನು ತೊಟ್ಟಿಯ ನೀರಿಗೆ ಬಿಟ್ಟರು. ತೊಟ್ಟಿಯನ್ನು ಪೂರ್ತಿ ತುಂಬಿರಲಿಲ್ಲ; ಎರಡೂ ಕಡೆ ನೀರಿನ ಅಳತೆ ಒಂದೇ. ಎರಡರ ಹನಿಯನ್ನೂ ಪಾಟಿಯ ಮೇಲೆ ಬಿಟ್ಟು ಎಲ್ಲರಿಗೂ ತೋರಿಸಿದರು. ಎರಡೂ ಬಿಳಿ ಎಳೆಯಾಗಿ ಇಳಿದವು. ಆಮೇಲೆ ನನ್ನ ಕಡೆ ತಿರುಗಿ, "ಹಾಕೋ ತಮ್ಮಾ" ಎಂದರು. ಒಂಬತ್ತೂ ಹತ್ತು.

ಮೊದಲ ಅರ್ಧ ಗಂಟೆ ಅಕ್ಕನಿಗೆ ವಿರುದ್ಧವಾಗಿತ್ತು. ತೊಟ್ಟಿಯ ಹಾಲು ಡ್ರಮ್ಮಿನದಕ್ಕಿಂತ ಬೆಳ್ಳಗಾಯಿತು. ಕಂಡದ್ದನ್ನು ಹೇಳುವುದಾದರೆ, ಪಾಟಿಯ ಮೇಲೆ ಅದರ ಎಳೆ ಇನ್ನೂ ನುಣುಪಾಗಿತ್ತು. ಡ್ರಮ್ಮಿನ ಬಳಿ ಅಕ್ಕ ಹತ್ತು ನಿಮಿಷಕ್ಕೊಮ್ಮೆ ಎದ್ದು, ಎಡಗೈಯಿಂದ ಬಲಮೊಳಕೈಗೆ ಆಸರೆ ಕೊಟ್ಟು, ಹುಟ್ಟನ್ನು ಎಂಟು ಹತ್ತು ಸುತ್ತು ತಿರುವಿ ಮತ್ತೆ ಕೂರುತ್ತಿದ್ದರು.

ಟ್ರ್ಯಾಕ್ಟರ್ ಡ್ರೈವರ್ ದಸ್ತಗೀರ ಬಾನೆಟ್ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದ. "ಮೌಶಿ, ನಿನ್ನ ಡ್ರಮ್ಮು ನೀರಮಜ್ಜಿಗಿ, ಮಶೀನಂದು ಎಮ್ಮಿ ಹಾಲು ನೋಡ" ಎಂದ.

"ತಿನ್ನೋ ಬಾಡ್ಯಾ, ಶೇಂಗಾ ತಿನ್ನ. ಮುಗಿಯೂದರೊಳಗ ತೋರಿಸ್ತೀನಿ."

ಹೆಣ್ಣುಮಕ್ಕಳು ನಕ್ಕರು. ಅಕ್ಕ ನಗಲಿಲ್ಲ. ಅವರ ಕಣ್ಣು ನಳಿಗೆಯ ಮೇಲಿತ್ತು.

ಹತ್ತು ಗಂಟೆಗೆ ಮಾಲಕರು ಗಡಿಯಾರ ನೋಡಿ ಎದ್ದರು. "ಆತು ಬಾಯಿ. ಎಲ್ಲಾರೂ ನೋಡಿದ್ರು. ಮಶೀನಿಂದ ಏನೂ ಆಗಿಲ್ಲ. ಮೋಟಾರ ಬಂದ ಮಾಡಪಾ."

"ಮಾಲಕ್, ಎರಡ ತಾಸ ಕೊಟ್ಟೀರಿ. ಇನ್ನಾ ಒಂದೂ ಪೂರಾ ಆಗಿಲ್ಲ."

"ಅದ ಬೆಳ್ಳಗ ಐತೆಲ್ಲ ಕಣ್ಣ ಮುಂದ! ಇನ್ನೇನ ನೋಡೂದು? ಬಂದ ಮಾಡೋ."

ನನ್ನ ಹೆಬ್ಬೆರಳು ಕೆಂಪು ಗುಂಡಿಯ ಮೇಲಿತ್ತು. ಒತ್ತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪಂಪು ನಿರ್ದೋಷಿ, ನಾನು ನಿರ್ದೋಷಿ, ಅಕ್ಕ ಕಳ್ಳಿ. ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಅವರಿಗಾಗಿ ಮಾಡಿದೆ ಎಂದು ಜನ ಅನ್ನುತ್ತಿದ್ದರು. ಪಂಪಿನ ಸದ್ದು ಬದಲಾದದ್ದು ನನ್ನ ಕಿವಿಗೆ ಮಾತ್ರ ಬಿದ್ದಿತ್ತು. ಪಂಪಿನ ಮೈ ಮುಟ್ಟಿದರೆ ಬಿಸಿಯಾಗಿತ್ತು. ಹಾಲೂ ಕಾಯುತ್ತಿರಬೇಕು ಎಂದುಕೊಂಡೆ.

"ಎರಡ ತಾಸ ಅಂದೀರ್ರಿ ಮಾಲಕ್," ಎಂದೆ. "ಹನ್ನೊಂದೂ ಹತ್ತಕ್ಕ ನಾನ ಬಂದ ಮಾಡ್ತೀನಿ." ಬೆರಳು ತೆಗೆದು ಕೈ ಹಿಂದಕ್ಕೆ ಕಟ್ಟಿದೆ.

ಮಾಲಕರು ನನ್ನನ್ನು ನೋಡಿದ ನೋಟ ನೆನಪಿದೆ. ಅವರು ಮತ್ತೆ ಕುರ್ಚಿಯಲ್ಲಿ ಕೂತರು.

ಹತ್ತೂ ಮೂವತ್ತೈದಕ್ಕೆ ಅಕ್ಕ ಎದ್ದು ತೊಟ್ಟಿಗೆ ಬೆರಳದ್ದಿದರು. ಪಾಟಿಯನ್ನು ಓರೆ ಮಾಡಿದರು. ಎಳೆ ಇಳಿಯಿತು. ಇಳಿದ ದಾರಿಯಲ್ಲಿ ಮೂರು ಚುಕ್ಕೆ ಉಳಿದವು. ಅವರು ಅದನ್ನು ಯಾರಿಗೂ ತೋರಿಸಲಿಲ್ಲ. ಸುಮ್ಮನೆ ಮರಳಿ ಕೂತು, "ಇನ್ನ ನೀವ ನೋಡ್ರಿ, ನಾ ನೋಡೂದ ಮುಗೀತು" ಎಂದರು.

ಹತ್ತೂ ಐವತ್ತಕ್ಕೆ ತೊಟ್ಟಿಯ ಮೂಲೆಯಲ್ಲಿ, ನಳಿಗೆಯ ಹೊಡೆತ ತಾಗದ ಕಡೆ, ಹಳದಿಯ ಗೆರೆಯೊಂದು ಕಂಡಿತು. ಅದು ಗೋಡೆಗುಂಟ ಸರಿದು ಸುತ್ತಲೂ ಹಬ್ಬಿತು. ನೊರೆಯೊಳಗೆ ಎಣ್ಣೆ ಗುಳ್ಳೆಗಳಾಗಿ, ಗುಳ್ಳೆಗಳು ಒಂದನ್ನೊಂದು ಕೂಡಿ ಅಂಗೈಯಗಲದ ತೇಪೆಗಳಾದವು. ಹನ್ನೊಂದೂ ಹತ್ತಕ್ಕೆ ನಾನು ಕೆಂಪು ಗುಂಡಿ ಒತ್ತಿದೆ. ಸದ್ದು ನಿಂತಿತು. ಅಲುಗಾಟ ನಿಂತ ಮೇಲೆ ಎಣ್ಣೆಯೆಲ್ಲ ಮೇಲೆ ಬಂದು ಒಂದು ಪದರವಾಯಿತು. ಕೆಳಗಿನದು ಅಕ್ಕಿ ತೊಳೆದ ನೀರಿನ ಬಣ್ಣಕ್ಕಿತ್ತು. ಡ್ರಮ್ಮಿನ ಹಾಲು ಒಂಬತ್ತು ಗಂಟೆಗೆ ಹೇಗಿತ್ತೋ ಹಾಗೇ ಇತ್ತು.

 ದಸ್ತಗೀರ ಬಾನೆಟ್ಟಿನಿಂದ ಇಳಿದ. ಅಕ್ಕ ಎದ್ದು ನಿಂತು ಹೇಳಿದ್ದು ಇಷ್ಟು: "ಎಣ್ಣಿ ಎಲ್ಲಿ ಹೋತು ಅಂತ ಕೇಳಿದ್ರೆಲ್ಲ, ಮಾಲಕ್. ಇಲ್ಲಿ ಐತಿ."

ಆಗ ನಾನು ಬಾಯಿ ಬಿಟ್ಟೆ. ಪಂಪು ಬೇಕಾದ್ದಕ್ಕಿಂತ ನಾಲ್ಕು ಪಟ್ಟು ದೊಡ್ಡದು, ನಳಿಗೆ ಸಣ್ಣದು, ಎರಡೂ ನನ್ನ ಕೈಯದು ಎಂದು ಹೇಳಿದೆ. ಮಾಲಕರು ತೊಟ್ಟಿಯ ಬಳಿಗೆ ಬಂದು ಬಗ್ಗಿ ನೋಡಿದರು. ಅಕ್ಕನಿಗೆ, "ನಾಳೆ ಟೋಳಿ ಕರಕೊಂಡು ಬಾ" ಎಂದರು. ತಪ್ಪಾಯಿತು ಎಂದು ಅವರು ಹೇಳಲಿಲ್ಲ, ಮಾಫಿ ಮಾಡಿದೆ ಎಂದೂ ಹೇಳಲಿಲ್ಲ. ಈ ಎರಡನೆಯದನ್ನು ನಾನು ಒತ್ತಿ ಬರೆಯುತ್ತಿದ್ದೇನೆ. ಹನ್ನೊಂದೂವರೆಗೆ ಎಲ್ಲರೂ ಚದುರಿದರು. ಕಳವಿನ ಮಾತು ಊರಿಗೆ ಎಷ್ಟು ಬೇಗ ಹೋಗಿತ್ತೋ ಈ ಮಾತು ಅಷ್ಟು ಬೇಗ ಹೋಗಲಿಲ್ಲ.

ಹೀಗೇಕಾಯಿತು ಎಂದು ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಪರಿಚಯದವರೊಬ್ಬರನ್ನು ಕೇಳಿದೆ. ಅವರು ಕಾಗದದ ಮೇಲೆ ಸುನ್ನೆಗಳನ್ನು ಬರೆದು ತೋರಿಸಿದರು. ಎಣ್ಣೆಯ ಪ್ರತಿ ಹನಿಯ ಸುತ್ತ ಸಾಬೂನಿನಂಥ ತೆಳುವಾದ ಹೊದಿಕೆ ಇರುತ್ತದೆ. ಅದು ಇರುವ ತನಕ ಹನಿಗಳು ಒಂದಕ್ಕೊಂದು ಅಂಟುವುದಿಲ್ಲ. ಹದವಾಗಿ ಕಲಸಿದರೆ ಹನಿ ಸಣ್ಣದಾಗುತ್ತದೆ, ಹಾಲು ಗಟ್ಟಿಯಾಗಿ ನಿಲ್ಲುತ್ತದೆ. ಪಂಪಿನ ರೆಕ್ಕೆ, ಸಣ್ಣ ನಳಿಗೆ ಹನಿಗಳನ್ನು ಇನ್ನೂ ಇನ್ನೂ ಒಡೆಯುತ್ತ ಹೋದರೆ, ಹನಿಗಳ ಸಂಖ್ಯೆ ಬೆಳೆಯುತ್ತದೆ. ಇದ್ದಷ್ಟೇ ಹೊದಿಕೆ ಅಷ್ಟು ಹನಿಗಳಿಗೆ ಸಾಲುವುದಿಲ್ಲ. ಅದೇ ಜೋರಿನಲ್ಲಿ ಅವು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಬಿಸಿಯೂ ಗಾಳಿಯೂ ಸೇರಿದರೆ ಹೊದಿಕೆ ಹರಿದು ಹನಿಗಳು ಕೂಡಿಕೊಳ್ಳುತ್ತವೆ. ಬೆಳ್ಳಗಾಗಿ ಕಂಡದ್ದು ಒಡೆಯುವುದರ ಮೊದಲ ಹೆಜ್ಜೆ ಎಂದರು.

ಇದನ್ನು ಅಕ್ಕನಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಹೌದಲ್ಲ ಮತ್ತ. ಒಂದ ಮನಿ ಒಡದು ನಾಕ ಮಾಡಿದ್ರ ನಾಕ ಒಲಿ ಬೇಕು. ನೀ ಮನಿ ಒಡಕೋತ ಹೋದಿ, ಒಲಿ ಕೊಡಲಿಲ್ಲ. ಎಲ್ಲಾರೂ ತಿರಗಿ ಒಂದ ಒಲಿ ಮುಂದ ಬಂದ ಕುಂತ್ರು."

"ನಿಮಗ ಮೊದಲ ಗೊತ್ತಿತ್ತೇನ್ರಿ, ಒಡಿತೈತಿ ಅಂತ?"

"ಅರ್ಧಾ ತಾಸಿಗೆ ಬೆಳ್ಳಗ ಆದಾಗ ನನ್ನ ಎದಿ ನಿಂತಂಗ ಆಗಿತ್ತೋ. ಆದ್ರ ಕದ್ದಿಲ್ಲ ಅಂಬೂದು ಗೊತ್ತಿತ್ತು. ಎಣ್ಣಿ ಎಲ್ಲರೆ ಇರಬೇಕಲ್ಲ, ಬರೂತನ ಕುಂದ್ರೂದು ಅಂತ ಕುಂತೆ."

ಪಂಪು ತೆಗೆದು ಹಾಕು ಎಂದು ಅವರು ಹೇಳಲಿಲ್ಲ. ಭುಜದ ನೋವು ಇನ್ನೂ ಇತ್ತು. "ನಿಧಾನ ತಿರಗೂದ ಒಂದ ಮಾಡಿಕೊಡು. ನನ್ನ ಕೈ ಎಷ್ಟ ತಿರಗತೈತಿ, ಅಷ್ಟ" ಎಂದರು. ಅವರು ಡ್ರಮ್ಮಿನಲ್ಲಿ ಹುಟ್ಟು ತಿರುವುವುದನ್ನು ಗಡಿಯಾರ ಹಿಡಿದು ಎಣಿಸಿದೆ. ಸಣ್ಣ ಮೋಟಾರಿಗೆ ವೇಗ ತಗ್ಗಿಸುವ ಗೇರ್ ಪೆಟ್ಟಿಗೆ ಹಾಕಿ, ಎರಡು ಅಗಲವಾದ ಹಲಗೆಗಳನ್ನು ತೊಟ್ಟಿಯ ತಳಕ್ಕೆ ಇಳಿಸಿದೆ. ಮೂರು ಸಲ ತಪ್ಪಿತು. ಮೊದಲನೆಯದು ಬಹಳ ಜೋರು, ಎರಡನೆಯದರ ಹಲಗೆ ಮೇಲಾಗಿ ಗಾಳಿ ಸೇರಿಸಿ ನೊರೆ ಎಬ್ಬಿಸಿತು, ಮೂರನೆಯದು ತಳ ಕಲಸಲಿಲ್ಲ. ಪ್ರತಿ ಸಲವೂ ಅಕ್ಕ ಪಾಟಿ ಓರೆ ಮಾಡಿ, "ಒಲ್ಲದು, ಬಿಚ್ಚ" ಎನ್ನುವರು. ನಾಲ್ಕನೆಯದು ನಿಂತಿತು. ಪಂಪು ಕೇಳಿದ್ದ ನಾಲ್ಕು ಶೆಡ್ಡಿಗೂ ನಾನು ಅದನ್ನೇ ಕೂರಿಸಿದೆ. ನಿಪ್ಪಾಣಿಯ ಕಡೆಯ ಒಬ್ಬರು ಜೋರಿನ ಪಂಪೇ ಬೇಕೆಂದು ಹಟ ಹಿಡಿದಾಗ ಕೆಲಸ ಬಿಟ್ಟು ಬಂದೆ.

ಅಕ್ಕ ಆಮೇಲೆ ಆರು ಹಂಗಾಮು ದುಡಿದರು. ಹಲಗೆ ತಿರುಗುತ್ತಿರುವಾಗ ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಕೂತು ಹೊಸದಾಗಿ ಬಂದ ಹುಡುಗಿಯರಿಗೆ ಹನಿ ನೋಡುವುದನ್ನು ಕಲಿಸುತ್ತಿದ್ದರು. ಯಾರಾದರೂ ಹಳೆಯ ಮಾತು ಎತ್ತಿದರೆ ಜಗಳಕ್ಕೆ ಹೋಗುತ್ತಿರಲಿಲ್ಲ. "ಆ ದಿನ ನಿಂತಿದ್ದವರನ್ನ ಕೇಳ್ರಿ" ಎನ್ನುತ್ತಿದ್ದರು. ಅಷ್ಟೇ. ಕೇಳಿದವರು ಯಾರೂ ಇದ್ದಂತಿಲ್ಲ.

ಈಗಲೂ ಕೇಳಬಹುದು. ಮಾಲಕರು ತೀರಿಕೊಂಡು ಮೂರು ವರ್ಷವಾಯಿತು, ಅವರಿಂದ ಹೊಸ ಮಾತು ಬರುವಂತಿಲ್ಲ. ಟೋಳಿಯ ಶೋಭಾ ಬದುಕಿದ್ದಾಳೆ. ಈಗ ಅದೇ ಶೆಡ್ಡಿನಲ್ಲಿ ಹಾಲು ಕಲಸುವವಳು ಅವಳು. ತೊಟ್ಟಿಯ ಪಡುವಣ ಬದಿಯಲ್ಲಿ ನಿಂತಿದ್ದಳು. ಅದೇ ಟೋಳಿಯ ಇನ್ನೊಬ್ಬಳು ಸುಮನ್, ಮಗನ ಜೊತೆ ರಾಯಬಾಗದಲ್ಲಿದ್ದಾಳೆ. ಅವಳು ಡ್ರಮ್ಮಿಗೆ ಒರಗಿಕೊಂಡಿದ್ದಳು. ದಸ್ತಗೀರ ಟ್ರ್ಯಾಕ್ಟರ್ ಬಿಟ್ಟು ಕಾಗವಾಡದಲ್ಲಿ ಚಹಾದ ಅಂಗಡಿ ಇಟ್ಟಿದ್ದಾನೆ. ಮೌಶಿಯನ್ನು ಹಾಸ್ಯ ಮಾಡಿದ್ದನ್ನು ಅವನೇ ಹೇಳಿಕೊಳ್ಳುತ್ತಾನೆ. ನಾಲ್ಕನೆಯವರು ಮುಕಾದಮ ಅಣ್ಣಾಸಾಬರು. ಹನ್ನೊಂದೂ ಹತ್ತಕ್ಕೆ ಪಂಪು ನಿಂತಾಗ ಅವರು ನನ್ನ ಎಡಗಡೆ, ಒಂದು ತೋಳಿನಷ್ಟು ದೂರದಲ್ಲಿದ್ದರು. ಬಗ್ಗಿ ತೊಟ್ಟಿಯೊಳಗೆ ಬೆರಳದ್ದಿದರು, ಮೂಗಿಗೆ ಹಿಡಿದರು. ಆಮೇಲೆ ಅದೇ ಎಣ್ಣೆಯ ಕೈಯನ್ನು ತಮ್ಮ ಧೋತರಕ್ಕೆ ಒರೆಸಿಕೊಂಡರು.